ಆ್ಯಪ್‌ನಲ್ಲಿ ಇಮೇಜ್ ಲೋಡ್ ಆಗ್ತಿಲ್ವಾ? ಮೊದಲು ಎರರ್ ಓದಿ, ಆಮೇಲೆ ಕೋಡ್ ಮುಟ್ಟಿ

ಬ್ರೌಸರ್‌ನಲ್ಲಿ ಲಿಂಕ್ ಹಾಕಿದರೆ ಫೋಟೋ ಸರಾಗವಾಗಿ ತೆರೆದುಕೊಳ್ಳುತ್ತದೆ. ಅದೇ ಲಿಂಕನ್ನು ಆ್ಯಪ್‌ಗೆ ಕೊಟ್ಟರೆ ಬರೀ ಬೂದು ಬಣ್ಣದ ಖಾಲಿ ಚೌಕ. ಆ್ಯಪ್ ಬರೆಯುವವರೆಲ್ಲ ಒಂದಲ್ಲ ಒಂದು ದಿನ ಈ ಚೌಕ ನೋಡಿರುತ್ತಾರೆ. ಆಗ ಕೈ ಸುಮ್ಮನಿರುವುದಿಲ್ಲ. ಲೈಬ್ರರಿ ಬದಲಾಯಿಸುತ್ತೇವೆ, ಕ್ಯಾಶ್ (ಮೊದಲೇ ಇಳಿಸಿಟ್ಟುಕೊಂಡ ಪ್ರತಿ) ಅಳಿಸುತ್ತೇವೆ, ಎಲ್ಲೋ ಸಿಕ್ಕ ನಾಲ್ಕು ಸಾಲು ತಂದು ಅಂಟಿಸುತ್ತೇವೆ, ಪ್ರಾಜೆಕ್ಟ್ ಕ್ಲೀನ್ ಮಾಡಿ ಮತ್ತೆ ಬಿಲ್ಡ್ ಮಾಡುತ್ತೇವೆ, ಅಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಕೊನೆಗೆ ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ಗೊತ್ತಿರುವುದಿಲ್ಲ, ಹಾಗಾಗಿ ಇನ್ನೊಂದು ಸಲ ಅದೇ ತೊಂದರೆ ಬಂದಾಗ ಮತ್ತೆ ಮೊದಲಿಂದ ಶುರು.

ನಾನು ಹೇಳುವುದು ಇಷ್ಟೇ. ಇಮೇಜ್ ದಾರಿಯಲ್ಲಿ ಎಲ್ಲಿ ಕಳೆದುಹೋಯಿತು ಅಂತ ಮೊದಲು ಹುಡುಕಿ. ದಾರಿ ದೊಡ್ಡದೇನಲ್ಲ. ಅಡ್ರೆಸ್ ಸರಿ ಇರಬೇಕು. ಹೊರಗೆ ಹೋಗಲು ಫೋನ್ ಬಿಡಬೇಕು. ಸರ್ವರ್ ನಿಜವಾಗಿಯೂ ಇಮೇಜನ್ನೇ ಕೊಡಬೇಕು. ಬಂದದ್ದನ್ನು ಬಿಚ್ಚಿ ಸ್ಕ್ರೀನ್ ಮೇಲೆ ತೋರಿಸಲು ಫೋನ್‌ಗೆ ಬರಬೇಕು, ಜಾಗವೂ ಇರಬೇಕು. ಈ ನಾಲ್ಕರಲ್ಲಿ ಯಾವುದು ಕೈಕೊಟ್ಟಿದೆ ಅಂತ ಗೊತ್ತಾದರೆ ಸರಿಪಡಿಸುವುದು ಹೆಚ್ಚಿನ ಸಲ ಐದು ನಿಮಿಷದ ಕೆಲಸ.

ಮೂರು ಬಣ್ಣ ಹಚ್ಚಿ ನೋಡಿ

ಇಮೇಜ್ ಲೈಬ್ರರಿಗಳಲ್ಲಿ ಪ್ಲೇಸ್‌ಹೋಲ್ಡರ್ ಅಂತ ಒಂದಿರುತ್ತದೆ, ನಿಜವಾದ ಫೋಟೋ ಬರುವ ತನಕ ಆ ಜಾಗ ತುಂಬುವ ಚಿತ್ರ. ನೋಡಲು ಚೆಂದ, ಆದರೆ ತೊಂದರೆ ಹುಡುಕುವಾಗ ಅದೇ ಅಡ್ಡ ಬರುತ್ತದೆ. ಲೋಡ್ ಆಗುತ್ತಿರುವಾಗಲೂ ಅದೇ ಬೂದು ಚಿತ್ರ, ಎರರ್ ಬಂದಾಗಲೂ ಅದೇ, ಅಡ್ರೆಸ್ಸೇ ಇಲ್ಲದಿದ್ದಾಗಲೂ ಅದೇ. ಮೂರೂ ಒಂದೇ ಥರ ಕಂಡರೆ ನಾವು ಏನಂತ ಹುಡುಕೋದು?

ಅದಕ್ಕೆ ನಾನು ಮೊದಲು ಮಾಡುವ ಕೆಲಸ ಇದು. ಲೋಡಿಂಗ್‌ಗೆ ನೀಲಿ, ಎರರ್‌ಗೆ ಕೆಂಪು, ಇಮೇಜ್ ಕೂರುವ ವ್ಯೂನ ಹಿನ್ನೆಲೆಗೆ ಹಸಿರು. ಬಿಲ್ಡ್ ಮಾಡಿ, ನೋಡಿ. ಕೆಂಪು ಬಂದರೆ ಲೋಡ್ ಸೋತಿದೆ, ಕಾರಣ ಲಾಗ್‌ನಲ್ಲಿ, ಅಂದರೆ ಆ್ಯಪ್ ಓಡುವಾಗ ಬರೆಯುವ ದಾಖಲೆಯಲ್ಲಿ, ಸಿಗುತ್ತದೆ. ನೀಲಿಯಲ್ಲೇ ನಿಂತುಬಿಟ್ಟರೆ ಎಲ್ಲೋ ಕಾಯುತ್ತಾ ಕೂತಿದೆ, ನೆಟ್‌ವರ್ಕ್ ಕಡೆ ನೋಡಬೇಕು. ಹಸಿರು ಮಾತ್ರ ಕಂಡರೆ ಬಹುಶಃ ಲೋಡ್ ಶುರುವೇ ಆಗಿಲ್ಲ, ಅಡ್ರೆಸ್ ಖಾಲಿ ಇರಬಹುದು. ಇನ್ನು ಯಾವ ಬಣ್ಣವೂ ಕಾಣದಿದ್ದರೆ ವ್ಯೂಗೆ ಅಗಲ ಅಥವಾ ಎತ್ತರವೇ ಇಲ್ಲ, ಅದು ಸೊನ್ನೆಯಾಗಿದೆ, ನೆಟ್‌ವರ್ಕ್‌ಗೂ ಇದಕ್ಕೂ ಸಂಬಂಧವಿಲ್ಲ. ಆ್ಯಪ್ ಬರೆಯುವ ಸಾಧನಗಳಲ್ಲಿ ಒಂದಾದ ರಿಯಾಕ್ಟ್ ನೇಟಿವ್‌ನಲ್ಲಿ ಇದು ತುಂಬಾ ಸಾಮಾನ್ಯ. ಆ್ಯಪ್ ಒಳಗೇ ಇಟ್ಟ ಚಿತ್ರದ ಅಳತೆ ಅದಕ್ಕೆ ಮೊದಲೇ ಗೊತ್ತಿರುತ್ತದೆ, ಆದರೆ ವೆಬ್‌ನಿಂದ ಬರುವ ಚಿತ್ರದ್ದು ಗೊತ್ತಿರುವುದಿಲ್ಲ, ಹಾಗಾಗಿ ಅಗಲ ಮತ್ತು ಎತ್ತರವನ್ನು ನಾವೇ ಸ್ಟೈಲ್‌ನಲ್ಲಿ ಕೊಡಬೇಕು.

ಇದರ ಜೊತೆಗೆ ಎರರ್ ಅನ್ನು ಪ್ರಿಂಟ್ ಮಾಡಿಸಿ. ಅಂಥದ್ದೇ ಇನ್ನೊಂದು ಸಾಧನವಾದ ಫ್ಲಟರ್‌ನಲ್ಲಿ ಎರರ್‌ಬಿಲ್ಡರ್ ಇದೆ. ಆಂಡ್ರಾಯ್ಡ್‌ನ ಇಮೇಜ್ ಲೈಬ್ರರಿಗಳಾದ ಗ್ಲೈಡ್ ಮತ್ತು ಕಾಯಿಲ್ ಎರಡರಲ್ಲೂ ಲಿಸನರ್, ಅಂದರೆ ಎರರ್ ಕೇಳಿಸಿಕೊಳ್ಳುವ ಕೋಡ್, ಹಾಕಬಹುದು. ರಿಯಾಕ್ಟ್ ನೇಟಿವ್‌ನಲ್ಲಿ ಆನ್‌ಎರರ್, ಐಫೋನ್ ಆ್ಯಪ್ ಬರೆಯುವ ಸ್ವಿಫ್ಟ್‌ಯುಐನ ಎಸಿಂಕ್‌ಇಮೇಜ್‌ನಲ್ಲಿ ಫೇಸ್ (ಲೋಡ್ ಯಾವ ಹಂತದಲ್ಲಿದೆ ಅನ್ನುವುದು) ನೋಡಿದರೆ ಫೇಲ್ಯೂರ್ ಒಳಗೆ ಕಾರಣ ಇರುತ್ತದೆ. ದಯವಿಟ್ಟು ಈ ಹೆಜ್ಜೆ ಬಿಡಬೇಡಿ. ಸಹಾಯ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು "ಎರರ್ ಏನೂ ಬರ್ತಿಲ್ಲ" ಅನ್ನುತ್ತಾರೆ, ನೋಡಿದರೆ ಎರರ್ ಬಂದಿರುತ್ತದೆ, ಅದನ್ನು ಕೇಳಿಸಿಕೊಳ್ಳುವ ಒಂದು ಸಾಲು ಕೋಡ್‌ನಲ್ಲಿ ಇರುವುದಿಲ್ಲ ಅಷ್ಟೇ.

ಅಡ್ರೆಸ್ಸನ್ನು ಕಣ್ಣಿಂದಲ್ಲ, ಉದ್ದದಿಂದ ನೋಡಿ

ಒಂದು ಸಲ ನನ್ನದೇ ಆ್ಯಪ್‌ನ ಲಿಸ್ಟ್‌ನಲ್ಲಿ ಎಲ್ಲ ಫೋಟೋ ಬಂದು ಮೂರು ಮಾತ್ರ ಬರುತ್ತಿರಲಿಲ್ಲ. ಲಾಗ್‌ನಲ್ಲಿ 404, ಅಂದರೆ ಅಂಥ ಫೈಲ್ ಇಲ್ಲ ಅಂತ ಸರ್ವರ್ ಕೊಡುವ ನಂಬರ್. ಅದೇ ಅಡ್ರೆಸ್ ಕಾಪಿ ಮಾಡಿ ಬ್ರೌಸರ್‌ಗೆ ಹಾಕಿದರೆ ಫೋಟೋ ಬರುತ್ತಿತ್ತು. ಸರ್ವರ್ ಮೇಲೆ ಅನುಮಾನ ಪಟ್ಟೆ, ಲೈಬ್ರರಿ ಮೇಲೆ ಅನುಮಾನ ಪಟ್ಟೆ. ಕೊನೆಗೆ ಅಡ್ರೆಸ್‌ನ ಎರಡೂ ಬದಿಗೆ ಚೌಕ ಕಂಸ ಹಾಕಿ, ಪಕ್ಕದಲ್ಲಿ ಅಕ್ಷರಗಳ ಲೆಕ್ಕವನ್ನೂ ಪ್ರಿಂಟ್ ಮಾಡಿಸಿದೆ. ಮುಗಿಯುವ ಕಂಸ ಕೆಳಗಿನ ಸಾಲಿಗೆ ಹೋಗಿ ಕೂತಿತ್ತು. ಅಡ್ರೆಸ್‌ನ ಕೊನೆಯಲ್ಲಿ ಒಂದು ಹೊಸ ಸಾಲಿನ ಗುರುತು, ಅಂದರೆ ಎಂಟರ್ ಒತ್ತಿದಾಗ ಬರುತ್ತದಲ್ಲ ಅದು, ಅಂಟಿಕೊಂಡಿತ್ತು. ಸ್ಪ್ರೆಡ್‌ಶೀಟ್‌ನಿಂದ ಕಾಪಿ ಮಾಡುವಾಗ ಬಂದದ್ದು. ಬ್ರೌಸರ್ ಅಡ್ರೆಸ್‌ನ ಹಿಂದೆ ಮುಂದೆ ಇರುವ ಖಾಲಿ ಜಾಗವನ್ನು ತಾನೇ ಕತ್ತರಿಸಿಬಿಡುತ್ತದೆ, ಹಾಗಾಗಿ ಅಲ್ಲಿ ಗೊತ್ತೇ ಆಗುವುದಿಲ್ಲ. ಆ್ಯಪ್ ಹಾಗೆ ಮಾಡುತ್ತದೆ ಅಂತ ನಂಬಿಕೊಳ್ಳುವಂತಿಲ್ಲ. ಆ ಖಾಲಿ ಜಾಗ ಕತ್ತರಿಸುವ ಟ್ರಿಮ್ ಹಾಕಿದೆ, ಮೂರೂ ಬಂದವು.

ಅಡ್ರೆಸ್‌ನ ತೊಂದರೆಗಳಲ್ಲಿ ಇನ್ನೂ ಕೆಲವು ಪದೇ ಪದೇ ಬರುತ್ತವೆ. ಫೈಲ್ ಹೆಸರಿನಲ್ಲಿ ಸ್ಪೇಸ್ ಇದ್ದರೆ ಅದು %20 ಆಗಬೇಕು. ಎನ್‌ಕೋಡ್ ಅನ್ನುವ ಈ ಬದಲಾವಣೆಯನ್ನು ಸರ್ವರ್ ಒಂದು ಸಲ ಮಾಡಿ, ಆ್ಯಪ್ ಮತ್ತೊಂದು ಸಲ ಮಾಡಿದರೆ % ಚಿಹ್ನೆಯೇ %25 ಆಗಿಬಿಟ್ಟು ಕೊನೆಗೆ %2520 ಅಂತ ಹೋಗುತ್ತದೆ. ಲಾಗ್‌ನಲ್ಲಿ 2520 ಕಂಡರೆ ಎರಡು ಸಲ ಎನ್‌ಕೋಡ್ ಆಗಿದೆ ಅಂತಲೇ ಲೆಕ್ಕ. ಯಾರಾದರೂ ಒಬ್ಬರು ಮಾತ್ರ ಮಾಡಬೇಕು, ಯಾರು ಅನ್ನುವುದನ್ನು ಸರ್ವರ್ ಬರೆಯುವವರ ಜೊತೆ ಮಾತಾಡಿ ಗೊತ್ತು ಮಾಡಿಕೊಳ್ಳಿ.

ಕನ್ನಡದಲ್ಲಿ ಫೈಲ್ ಹೆಸರಿಟ್ಟರೆ ಇದು ಇನ್ನೂ ಚೆನ್ನಾಗಿ ಕಾಣಿಸುತ್ತದೆ. "ಹೂವು" ಅಂತ ಹೆಸರಿಟ್ಟಿದ್ದೀರಿ ಅಂದುಕೊಳ್ಳಿ. ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್‌ಗೆ ಹ, ಊಕಾರ, ವ, ಉಕಾರ ಅಂತ ನಾಲ್ಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 12 ಬೈಟ್. ಅಡ್ರೆಸ್‌ನಲ್ಲಿ ಒಂದೊಂದು ಬೈಟ್ ಕೂಡ % ಸೇರಿ ಮೂರು ಗುರುತಾಗುತ್ತದೆ, ಹಾಗಾಗಿ "ಹೂವು" ಅನ್ನುವುದು 36 ಗುರುತಿನ ಸಾಲು. ಕನ್ನಡದ ಹೆಸರು ಇಡಬಾರದು ಅಂತಲ್ಲ, ಖಂಡಿತ ಇಡಬಹುದು. ಎನ್‌ಕೋಡ್ ಸರಿಯಾಗಿ ಒಂದೇ ಸಲ ಆಗುತ್ತಿದೆಯಾ ಅಂತ ನೋಡಿಕೊಂಡರೆ ಸಾಕು.

ಇನ್ನುಳಿದವು ಸಣ್ಣವು. ಸರ್ವರ್ ಪೂರ್ತಿ ಅಡ್ರೆಸ್ ಕೊಡದೆ ಬರೀ ಓರೆ ಗೆರೆಯಿಂದ ಶುರುವಾಗುವ ಅರ್ಧ ಅಡ್ರೆಸ್ ಕೊಟ್ಟಿರಬಹುದು. ವೆಬ್ ಪುಟದಿಂದ ಎತ್ತಿದ ಅಡ್ರೆಸ್‌ನಲ್ಲಿ & ಇರಬೇಕಾದ ಕಡೆ ಅದರ ಎಚ್‌ಟಿಎಂಎಲ್ ರೂಪವೇ ಉಳಿದಿರಬಹುದು. ಫೈಲ್‌ನ ಬಾಲದಲ್ಲಿ ದೊಡ್ಡ ಅಕ್ಷರದ ಜೆಪಿಜಿ ಇದ್ದು ಅಡ್ರೆಸ್‌ನಲ್ಲಿ ಸಣ್ಣ ಅಕ್ಷರ ಇರಬಹುದು. ಲಿನಕ್ಸ್ ಸರ್ವರ್‌ಗೆ ಸಾಮಾನ್ಯವಾಗಿ ಅವೆರಡೂ ಬೇರೆ ಬೇರೆ ಫೈಲ್.

ಡೀಬಗ್‌ನಲ್ಲಿ ಬರುತ್ತದೆ, ರಿಲೀಸ್‌ನಲ್ಲಿ ಬರುವುದಿಲ್ಲ

ಡೀಬಗ್ ಅಂದರೆ ನಾವು ಬರೆಯುತ್ತಾ ನೋಡಿಕೊಳ್ಳುವ ಬಿಲ್ಡ್, ರಿಲೀಸ್ ಅಂದರೆ ಬೇರೆಯವರಿಗೆ ಕೊಡುವುದು. ಫ್ಲಟರ್ ಬಳಸುವವರು ಇದನ್ನು ಗಮನವಿಟ್ಟು ಓದಿ. ಫ್ಲಟರ್ ಹೊಸ ಪ್ರಾಜೆಕ್ಟ್ ಮಾಡಿಕೊಡುವಾಗ ಆಂಡ್ರಾಯ್ಡ್‌ನ ಡೀಬಗ್ ಮತ್ತು ಪ್ರೊಫೈಲ್ ಮ್ಯಾನಿಫೆಸ್ಟ್‌ಗಳಲ್ಲಿ (ಆ್ಯಪ್‌ಗೆ ಏನೇನು ಬೇಕು ಅಂತ ಬರೆದಿಡುವ ಫೈಲ್) ಇಂಟರ್ನೆಟ್ ಪರ್ಮಿಷನ್ ಹಾಕಿಯೇ ಕೊಡುತ್ತದೆ, ಯಾಕೆಂದರೆ ಬದಲಾಯಿಸಿದ ಕೋಡನ್ನು ಓಡುತ್ತಿರುವ ಆ್ಯಪ್‌ಗೆ ಕಳಿಸುವ ಹಾಟ್ ರೀಲೋಡ್‌ಗೆ ಅದು ಬೇಕು. ಮೇನ್ ಫೋಲ್ಡರ್‌ನಲ್ಲಿರುವ ಮ್ಯಾನಿಫೆಸ್ಟ್‌ನಲ್ಲಿ ಹಾಕಿರುವುದಿಲ್ಲ. ಹಾಗಾಗಿ ನಿಮ್ಮ ಮೇಜಿನ ಮೇಲೆ ವಾರಗಟ್ಟಲೆ ಎಲ್ಲ ಚೆನ್ನಾಗಿ ನಡೆಯುತ್ತದೆ, ರಿಲೀಸ್ ಬಿಲ್ಡ್ ಮಾಡಿ ಬೇರೆಯವರ ಕೈಗೆ ಕೊಟ್ಟ ಮೇಲೆ ಒಂದು ಫೋಟೋವೂ ಬರುವುದಿಲ್ಲ. ಮೇನ್ ಮ್ಯಾನಿಫೆಸ್ಟ್‌ಗೆ ಆ ಒಂದು ಸಾಲು ಸೇರಿಸಿ. ಈ ಪರ್ಮಿಷನ್ ಅನ್ನು ಫೋನ್ ಬಳಸುವವರ ಹತ್ತಿರ ಕೇಳುವುದಿಲ್ಲ, ಇನ್‌ಸ್ಟಾಲ್ ಆಗುವಾಗಲೇ ಸಿಗುತ್ತದೆ, ಅದಕ್ಕೇ ಅದು ಇಲ್ಲ ಅಂತ ಯಾರಿಗೂ ಹೊಳೆಯುವುದಿಲ್ಲ.

ಇದು ಸರಿ ಇದ್ದೂ ರಿಲೀಸ್‌ನಲ್ಲಿ ಮಾತ್ರ ತೊಂದರೆ ಇದ್ದರೆ, ಆಂಡ್ರಾಯ್ಡ್‌ನಲ್ಲಿ ಆರ್8 ಕಡೆ ನೋಡಿ. ಅದು ಕೋಡ್ ಸಣ್ಣದು ಮಾಡುವಾಗ ಕ್ಲಾಸ್‌ಗಳ ಒಳಗಿನ ಹೆಸರುಗಳನ್ನೂ ಬದಲಾಯಿಸುತ್ತದೆ. ಸರ್ವರ್ ಕಳಿಸುವ ಜೆಸನ್ ಡೇಟಾದಲ್ಲಿ ಬರುವ ಹೆಸರಿಗೂ ಕ್ಲಾಸ್ ಒಳಗಿನ ಹೆಸರಿಗೂ ತಾಳೆಯಾಗದೆ ಅಡ್ರೆಸ್ ನಲ್, ಅಂದರೆ ಖಾಲಿ, ಆಗಿಬಿಡಬಹುದು. ಮೇಲೆ ಹೇಳಿದ ಬಣ್ಣದ ಪರೀಕ್ಷೆ ಇದನ್ನು ಹಿಡಿದುಕೊಡುತ್ತದೆ.

ಎಚ್‌ಟಿಟಿಪಿ, ಲೋಕಲ್‌ಹೋಸ್ಟ್

ಅಡ್ರೆಸ್ ಎಚ್‌ಟಿಟಿಪಿಎಸ್ ಅಲ್ಲದೆ ಬರೀ ಎಚ್‌ಟಿಟಿಪಿ (ದಾರಿಯಲ್ಲಿ ಬೇರೆಯವರು ಓದಬಹುದಾದದ್ದು) ಆಗಿದ್ದರೆ ಫೋನೇ ತಡೆಯಬಹುದು. ಐಒಎಸ್‌ನಲ್ಲಿ ಇದು 2015ರಲ್ಲಿ ಬಂದ ಐಒಎಸ್ 9ರಿಂದ ಇದೆ, ತಡೆದಾಗ ಎರರ್ ನಂಬರ್ -1022. ಆಂಡ್ರಾಯ್ಡ್‌ನಲ್ಲಿ 2018ರ ಆಂಡ್ರಾಯ್ಡ್ 9ರಿಂದ, ಟಾರ್ಗೆಟ್ ಎಪಿಐ (ಯಾವ ಆಂಡ್ರಾಯ್ಡ್‌ಗೆಂದು ಆ್ಯಪ್ ಬರೆದಿದ್ದೀರಿ ಅನ್ನುವ ನಂಬರ್) 28 ಅಥವಾ ಮೇಲಿದ್ದರೆ. ಅಲ್ಲಿ ಲಾಗ್‌ನಲ್ಲಿ "ಕ್ಲಿಯರ್‌ಟೆಕ್ಸ್ಟ್" ಅನ್ನುವ ಪದ ಹುಡುಕಿ. ಎರಡರಲ್ಲೂ ಈ ತಡೆಯನ್ನು ಪೂರ್ತಿ ತೆಗೆದುಹಾಕುವ ಒಂದು ಸಾಲಿನ ದಾರಿ ಇದೆ, ಎಲ್ಲರೂ ಅದನ್ನೇ ಹೇಳಿಕೊಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಒಂದು ಫೋಟೋಗೋಸ್ಕರ ಇಡೀ ಆ್ಯಪ್‌ನ ಬಾಗಿಲು ತೆರೆದಿಟ್ಟ ಹಾಗಾಗುತ್ತದೆ, ಆ ಬಾಗಿಲಿನಿಂದ ಲಾಗಿನ್ ಮಾಹಿತಿಯೂ ಹೊರಗೆ ಹೋಗಬಹುದು. ಮೊದಲು ಅದೇ ಅಡ್ರೆಸ್ ಎಚ್‌ಟಿಟಿಪಿಎಸ್‌ನಲ್ಲಿ ಸಿಗುತ್ತದಾ ನೋಡಿ, ಎಷ್ಟೋ ಸಲ ಸಿಗುತ್ತದೆ. ಸಿಗದಿದ್ದರೆ ಆ ಒಂದು ಡೊಮೇನ್‌ಗೆ ಮಾತ್ರ ವಿನಾಯಿತಿ ಕೊಡಿ. ಎಚ್‌ಟಿಟಿಪಿಎಸ್ ಅಡ್ರೆಸ್ಸೇ ಕೊಟ್ಟಿದ್ದರೂ ಸರ್ವರ್ ಅಲ್ಲಿಂದ ಎಚ್‌ಟಿಟಿಪಿಗೆ ರೀಡೈರೆಕ್ಟ್ ಮಾಡುತ್ತಿದ್ದರೆ ಎರಡನೇ ಹೆಜ್ಜೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಇದನ್ನೂ ನೆನಪಿಡಿ.

ಸ್ವಂತ ಕಂಪ್ಯೂಟರ್‌ನಲ್ಲಿ ಸರ್ವರ್ ಓಡಿಸಿ ಆಂಡ್ರಾಯ್ಡ್ ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರ್‌ನೊಳಗೆ ಓಡುವ ನಕಲಿ ಫೋನ್) ನೋಡುತ್ತಿದ್ದರೆ, ಲೋಕಲ್‌ಹೋಸ್ಟ್ ಅಂದರೆ ಎಮ್ಯುಲೇಟರ್ರೇ, ನಿಮ್ಮ ಕಂಪ್ಯೂಟರ್ ಅಲ್ಲ. ಕಂಪ್ಯೂಟರ್‌ಗೆ ಅಲ್ಲಿ 10.0.2.2 ಅನ್ನಬೇಕು. ಐಒಎಸ್ ಸಿಮ್ಯುಲೇಟರ್‌ಗೆ ಈ ತಾಪತ್ರಯ ಇಲ್ಲ. ನಿಜವಾದ ಫೋನ್ ಆದರೆ ಎರಡೂ ಒಂದೇ ವೈಫೈನಲ್ಲಿರಬೇಕು, ಕಂಪ್ಯೂಟರ್‌ನ ಐಪಿ ಅಡ್ರೆಸ್ ಕೊಡಬೇಕು, ಮತ್ತು ಸರ್ವರ್ 127.0.0.1ಗೆ (ಅದೇ ಕಂಪ್ಯೂಟರ್‌ಗೆ) ಮಾತ್ರ ಅಂಟಿಕೊಂಡಿದ್ದರೆ ಹೊರಗಿನಿಂದಲೂ ಸಿಗುವ ಹಾಗೆ ಅದನ್ನು 0.0.0.0 ಮಾಡಬೇಕು. ಐಫೋನ್‌ನಲ್ಲಿ ಐಒಎಸ್ 14ರಿಂದ ಲೋಕಲ್ ನೆಟ್‌ವರ್ಕ್‌ಗೆ ಪ್ರತ್ಯೇಕ ಅನುಮತಿ ಕೇಳುತ್ತದೆ. ಅವಸರದಲ್ಲಿ ಬೇಡ ಅಂತ ಒತ್ತಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿ.

200 ಬಂದ ಮಾತ್ರಕ್ಕೆ ಇಮೇಜ್ ಬಂದಿದೆ ಅಂತಲ್ಲ

ಜಾಸ್ತಿ ಜನ ಮೋಸ ಹೋಗುವ ಜಾಗ ಇದು. ಸರ್ವರ್ 200, ಅಂದರೆ ಎಲ್ಲ ಸರಿ, ಅನ್ನುತ್ತದೆ, ಆ್ಯಪ್ ಮಾತ್ರ ಇದು ಇಮೇಜ್ ಡೇಟಾ ಅಲ್ಲ ಅನ್ನುತ್ತದೆ. ಆ್ಯಪ್ ಹೇಳುವುದೇ ಸರಿ. ಹೆಚ್ಚಿನ ಸಲ ಬಂದಿರುವುದು ಒಂದು ವೆಬ್ ಪುಟ. ಕ್ಲೌಡ್ ಸ್ಟೋರೇಜ್‌ನಲ್ಲಿ ಫೋಟೋ ಇಟ್ಟು ಶೇರ್ ಲಿಂಕ್ ತೆಗೆದುಕೊಂಡರೆ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಆ ಲಿಂಕ್ ಫೋಟೋ ತೋರಿಸುವ ಪುಟದ್ದು, ಫೋಟೋದ್ದಲ್ಲ. ಬ್ರೌಸರ್ ಆ ಪುಟ ತೆರೆದು ಒಳಗಿನ ಫೋಟೋ ತೋರಿಸುತ್ತದೆ, ನಮಗೆ ಎರಡೂ ಒಂದೇ ಥರ ಕಾಣುತ್ತವೆ. ಲಾಗಿನ್ ಬೇಕಾದ ಸೈಟ್‌ಗಳೂ ಹಾಗೇ, ಫೋಟೋ ಬದಲು ಲಾಗಿನ್ ಪುಟ ಕಳಿಸಿ 200 ಅನ್ನುತ್ತವೆ.

ಪರೀಕ್ಷೆ ಸುಲಭ. ಟರ್ಮಿನಲ್‌ನಲ್ಲಿ ಕರ್ಲ್ (ಅಡ್ರೆಸ್‌ನಲ್ಲಿರುವುದನ್ನು ತಂದುಕೊಡುವ ಸಾಧನ) ಬಳಸಿ ಬರೀ ಹೆಡರ್‌ಗಳನ್ನು, ಅಂದರೆ ಫೈಲ್ ಬಗ್ಗೆ ಸರ್ವರ್ ಹೇಳುವ ಮಾಹಿತಿಯನ್ನು, ತರಿಸಿ, ಕಂಟೆಂಟ್ ಟೈಪ್ ಓದಿ. ಇಮೇಜ್ ಅಂತ ಶುರುವಾಗಬೇಕು. ಟೆಕ್ಸ್ಟ್ ಎಚ್‌ಟಿಎಂಎಲ್ ಅಂತಿದ್ದರೆ ಅಲ್ಲಿಗೆ ಗೊತ್ತಾಯಿತು. ಕೆಲವು ಸರ್ವರ್‌ಗಳು ಬರೀ ಹೆಡರ್ ಕೇಳಿದರೆ 405 (ಹಾಗೆ ಕೇಳುವಂತಿಲ್ಲ) ಅನ್ನುತ್ತವೆ, ಆಗ ಪೂರ್ತಿ ಫೈಲ್ ಇಳಿಸಿಕೊಂಡು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಪಿಎನ್‌ಜಿ ಆದರೆ ಮೊದಲ ಸಾಲಿನಲ್ಲೇ ಆ ಮೂರು ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. < ಚಿಹ್ನೆಯಿಂದ ಶುರುವಾಗಿದ್ದರೆ ಅದು ವೆಬ್ ಪುಟ, ಇಲ್ಲವೇ ಪಠ್ಯವಾಗಿ ಬರೆದ ಎಸ್‌ವಿಜಿ ಚಿತ್ರ.

403 ಬಂದರೆ ಸರ್ವರ್‌ಗೆ ಫೋಟೋ ಕೊಡಲು ಇಷ್ಟವಿಲ್ಲ ಅಂತ. ಬೇರೆ ಸೈಟ್‌ನವರು ತಮ್ಮ ಫೋಟೋ ಬಳಸದ ಹಾಗೆ ಕೆಲವರು ಯಾವ ಪುಟದಿಂದ ಕೇಳುತ್ತಿದ್ದಾರೆ ಅಂತ ಹೇಳುವ ರೆಫರರ್ ಹೆಡರ್ ನೋಡಿ ತಡೆದಿರುತ್ತಾರೆ. ಕೆಲವರು ಯೂಸರ್ ಏಜೆಂಟ್ ನೋಡುತ್ತಾರೆ. ಬ್ರೌಸರ್ ತನ್ನ ಹೆಸರು ಹೇಳಿಕೊಂಡು ಹೋಗುತ್ತದೆ, ನಿಮ್ಮ ಆ್ಯಪ್ ಡಾರ್ಟ್ ಅಂತಲೋ ಓಕೆಎಚ್‌ಟಿಟಿಪಿ ಅಂತಲೋ ಒಳಗಿನ ಕೋಡ್‌ನ ಹೆಸರು ಹೇಳಿಕೊಂಡು ಹೋಗುತ್ತದೆ, ಬಾಟ್ ಇರಬಹುದು ಅಂತ ಬಾಗಿಲು ಹಾಕುತ್ತಾರೆ. ಸರ್ವರ್ ನಿಮ್ಮದೇ ಆದರೆ ಅಲ್ಲಿ ಸರಿಮಾಡಿ. ಬೇರೆಯವರದ್ದಾದರೆ ಅವರ ಅನುಮತಿ ಕೇಳಿ, ಹೆಡರ್ ಸುಳ್ಳು ಹೇಳಿ ನುಸುಳಬೇಡಿ. ಬೇರೆಯವರ ಸರ್ವರ್ ಖರ್ಚಿನಲ್ಲಿ ನಮ್ಮ ಆ್ಯಪ್ ನಡೆಸುವುದು ಸರಿಯಲ್ಲ, ಮತ್ತೆ ಅವರು ಯಾವಾಗ ಬೇಕಾದರೂ ನಿಲ್ಲಿಸಬಹುದು.

ನಿನ್ನೆ ಬಂದ ಫೋಟೋ ಇವತ್ತು 403 ಆದರೆ ಸೈನ್ ಮಾಡಿದ, ಅಂದರೆ ಸ್ವಲ್ಪ ಕಾಲ ಮಾತ್ರ ನಡೆಯುವ, ಅಡ್ರೆಸ್‌ನ ಅವಧಿ ಮುಗಿದಿರಬಹುದು. ಫೈಲ್ ಇಡುವ ಸೇವೆಯಾದ ಅಮೆಜಾನ್ ಎಸ್3ನ ಈಗಿನ ಇಂಥ (ಪ್ರಿಸೈನ್ಡ್) ಅಡ್ರೆಸ್‌ಗಳಿಗೆ ಹೆಚ್ಚೆಂದರೆ 7 ದಿನದ ಆಯಸ್ಸು. ಅಂಥ ಅಡ್ರೆಸ್ಸನ್ನು ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳಬೇಡಿ. ಫೈಲ್‌ನ ಹೆಸರು ಇಟ್ಟುಕೊಂಡು ಬೇಕಾದಾಗ ಹೊಸ ಅಡ್ರೆಸ್ ಮಾಡಿಸಿಕೊಳ್ಳಿ.

ಕೆಲವು ಫೋನ್‌ಗಳಲ್ಲಿ ಮಾತ್ರ ಬರದಿದ್ದರೆ

ಮೊದಲು ಫೋನಿನ ತಾರೀಖು ನೋಡಿ. ತಾರೀಖು ತಪ್ಪಿದ್ದರೆ ಸರ್ವರ್‌ನ ಗುರುತಿನ ಚೀಟಿಯಾದ ಸರ್ಟಿಫಿಕೇಟ್‌ನ ಅವಧಿ ಮುಗಿದ ಹಾಗೆ ಕಾಣಬಹುದು. ಆಮೇಲೆ ಸರ್ವರ್ ತನ್ನ ಸರ್ಟಿಫಿಕೇಟ್ ಜೊತೆ, ಫೋನ್ ನಂಬುವ ಸಂಸ್ಥೆಗೆ ಅದನ್ನು ಜೋಡಿಸುವ ನಡುವಿನ ಸರ್ಟಿಫಿಕೇಟನ್ನೂ ಕಳಿಸುತ್ತಿದೆಯಾ ನೋಡಿ. ಅದು ಇಲ್ಲದಿದ್ದರೂ ಕಂಪ್ಯೂಟರ್‌ನ ಬ್ರೌಸರ್‌ಗಳು ಸಾಮಾನ್ಯವಾಗಿ ಹೇಗೋ ಹೊಂದಿಸಿಕೊಳ್ಳುತ್ತವೆ, ಆಂಡ್ರಾಯ್ಡ್ ಆ್ಯಪ್ ಹೊಂದಿಸಿಕೊಳ್ಳುವುದಿಲ್ಲ. "ಬ್ರೌಸರ್‌ನಲ್ಲಿ ಬೀಗದ ಚಿಹ್ನೆ ಇದೆಯಲ್ಲ" ಅಂತ ಸರ್ವರ್‌ನವರು ಹೇಳಿದರೂ ತೊಂದರೆ ಅವರ ಕಡೆಯದೇ ಇರಬಹುದು. ಸರ್ಟಿಫಿಕೇಟ್ ಪರೀಕ್ಷೆಯನ್ನೇ ಆಫ್ ಮಾಡುವ ಕೋಡ್ ಮಾತ್ರ ಯಾವತ್ತೂ ಹಾಕಬೇಡಿ, ಪರೀಕ್ಷೆಗೆ ಅಂತ ಹಾಕಿದ್ದು ರಿಲೀಸ್‌ಗೂ ಹೋಗಿಬಿಡುತ್ತದೆ.

ಇನ್ನೊಂದು ಫಾರ್ಮ್ಯಾಟ್. ಜೆಪಿಜಿ, ಪಿಎನ್‌ಜಿ ಎಲ್ಲ ಕಡೆ ನಡೆಯುತ್ತವೆ. ವೆಬ್‌ಪಿ ಐಫೋನ್‌ನಲ್ಲಿ ಐಒಎಸ್ 14ರಿಂದ, ಎವಿಐಎಫ್ ಐಒಎಸ್ 16 ಮತ್ತು ಆಂಡ್ರಾಯ್ಡ್ 12ರಿಂದ. ಎಸ್‌ವಿಜಿ ಬಗ್ಗೆ ಜಾಗ್ರತೆ, ಅದು ಚಿತ್ರ ಬಿಡಿಸುವ ಸೂಚನೆಗಳ ಪಠ್ಯ, ಮಾಮೂಲಿ ಇಮೇಜ್ ವ್ಯೂ ಅದನ್ನು ಓದುವುದಿಲ್ಲ, ಫ್ಲಟರ್‌ಗಾಗಲಿ ಕಾಯಿಲ್‌ಗಾಗಲಿ ಬೇರೆ ಪ್ಯಾಕೇಜ್ ಸೇರಿಸಬೇಕು. ಕಾಯಿಲ್ 3ಕ್ಕೆ ಹೋದವರಿಗೆ ಇನ್ನೊಂದು ಮಾತು: ಅದರಲ್ಲಿ ನೆಟ್‌ವರ್ಕ್ ಭಾಗವನ್ನೇ ಬೇರೆ ಮಾಡಿದ್ದಾರೆ, ಅದರ ಡಿಪೆಂಡೆನ್ಸಿ, ಅಂದರೆ ಆ ಬೇರೆ ಪ್ಯಾಕೇಜ್, ಸೇರಿಸದಿದ್ದರೆ ವೆಬ್‌ನ ಯಾವ ಇಮೇಜೂ ಬರುವುದಿಲ್ಲ.

ಬರುತ್ತದೆ, ಆದರೆ ಆ್ಯಪ್ ಏದುಸಿರು ಬಿಡುತ್ತದೆ

ಫೈಲ್ 2 ಎಂಬಿ ಇದ್ದರೆ ಮೆಮೊರಿಯಲ್ಲೂ 2 ಎಂಬಿ ಅಂದುಕೊಳ್ಳುತ್ತೇವೆ. ಹಾಗಲ್ಲ. 4000×3000 ಅಳತೆಯ ಫೋಟೋದಲ್ಲಿ 1.2 ಕೋಟಿ ಪಿಕ್ಸೆಲ್, ಒಂದೊಂದಕ್ಕೆ 4 ಬೈಟ್, ಬಿಚ್ಚಿದ ಮೇಲೆ ಸುಮಾರು 48 ಎಂಬಿ. ಇಂಥ ಹತ್ತು ಫೋಟೋ ಲಿಸ್ಟ್‌ನಲ್ಲಿದ್ದರೆ 480 ಎಂಬಿ. ಕಡಿಮೆ ಮೆಮೊರಿಯ ಫೋನ್‌ನಲ್ಲಿ ಆ್ಯಪ್ ಮುಚ್ಚಿಕೊಳ್ಳುವುದು ಸಹಜ ಅಲ್ವಾ. ಸ್ಕ್ರೀನ್ ಮೇಲೆ ಅದು ಕಾಣುವುದು 600×600 ಪಿಕ್ಸೆಲ್‌ನ ಪುಟ್ಟ ಚೌಕದಲ್ಲಿ, ಅದಕ್ಕೆ ಬೇಕಾದದ್ದು ಒಂದೂವರೆ ಎಂಬಿಗಿಂತ ಕಮ್ಮಿ. ಗ್ಲೈಡ್ ವ್ಯೂನ ಅಳತೆ ನೋಡಿಕೊಂಡು ತಾನೇ ಚಿಕ್ಕದು ಮಾಡುತ್ತದೆ. ಫ್ಲಟರ್‌ನಲ್ಲಿ ಎಷ್ಟು ಅಗಲಕ್ಕೆ ಬಿಚ್ಚಬೇಕು ಅಂತ ಹೇಳುವ ಕ್ಯಾಶ್‌ವಿಡ್ತ್ ಅನ್ನು ನಾವೇ ಕೊಡಬೇಕು. ಎಲ್ಲಕ್ಕಿಂತ ಒಳ್ಳೆಯದು ಸರ್ವರ್‌ನಲ್ಲೇ ಚಿಕ್ಕ ಪ್ರತಿ ಮಾಡಿಡುವುದು, ನೋಡುವವರ ಡೇಟಾ ಕೂಡ ಉಳಿಯುತ್ತದೆ.

ಲಿಸ್ಟ್ ಜೋರಾಗಿ ಸರಿಸಿದಾಗ ಒಬ್ಬರ ಹೆಸರಿನ ಪಕ್ಕ ಇನ್ನೊಬ್ಬರ ಫೋಟೋ ಬಂದರೆ, ಮೇಲೆ ಹೋದ ಸಾಲನ್ನೇ ಕೆಳಗೆ ಮತ್ತೆ ಬಳಸಿದಾಗ ಹಳೆಯ ಫೋಟೋ ಅಳಿಸಿಲ್ಲ ಅಂತ. ಅಡ್ರೆಸ್ ಖಾಲಿ ಇರುವ ಸಾಲಿಗೂ ಹಳೆಯದನ್ನು ತೆರವು ಮಾಡುವ ಕೋಡ್ ಬರೆಯಿರಿ. ಐಒಎಸ್‌ನಲ್ಲಿ ಸರಿಸುವಾಗ -999 ಕಂಡರೆ ಗಾಬರಿ ಬೇಡ, ರಿಕ್ವೆಸ್ಟ್ ಕ್ಯಾನ್ಸಲ್ ಆಗಿದೆ ಅಷ್ಟೇ.

ಫೋಟೋ ಬದಲಾಯಿಸಿದ ಮೇಲೂ ಹಳೆಯದೇ ಕಾಣುತ್ತಿದ್ದರೆ ಅದು ಕ್ಯಾಶ್. ಅಡ್ರೆಸ್ ಅದೇ ಇದ್ದರೆ ಫೋಟೋ ಬದಲಾಗಿದೆ ಅಂತ ಲೈಬ್ರರಿಗೆ ಹೇಗೆ ಗೊತ್ತಾಗಬೇಕು? ಹೊಸ ಫೋಟೋಗೆ ಹೊಸ ಹೆಸರು ಕೊಡಿ, ಇಲ್ಲವೇ ಅಡ್ರೆಸ್‌ನ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಒಂದು ವರ್ಷನ್ ನಂಬರ್ ಸೇರಿಸಿ. ಸಮಯವನ್ನೇ ನಂಬರ್ ಆಗಿ ಹಾಕುವವರಿದ್ದಾರೆ, ಹಾಗೆ ಮಾಡಿದರೆ ಪ್ರತಿ ಸಲವೂ ಹೊಸದಾಗಿ ಇಳಿಯುತ್ತದೆ, ಕ್ಯಾಶ್ ಇದ್ದೂ ಇಲ್ಲದ ಹಾಗೆ.

ಇಷ್ಟು ನೋಡಿಯೂ ಬಗೆಹರಿಯದಿದ್ದರೆ ಯಾರನ್ನಾದರೂ ಕೇಳಿ, ಸಂಕೋಚ ಬೇಡ. ಕೇಳುವಾಗ "ಇಮೇಜ್ ಬರ್ತಿಲ್ಲ" ಅಂತ ಮಾತ್ರ ಹೇಳದೆ, ಕಂಸದೊಳಗೆ ಪ್ರಿಂಟ್ ಮಾಡಿಸಿದ ಅಡ್ರೆಸ್, ಸರ್ವರ್ ಕೊಟ್ಟ ನಂಬರ್, ಕಂಟೆಂಟ್ ಟೈಪ್, ಎರರ್‌ನ ಪೂರ್ತಿ ಸಾಲು, ಫೋನಿನ ವರ್ಷನ್, ಡೀಬಗ್ಗೋ ರಿಲೀಸೋ, ಯಾವ ಬಣ್ಣ ಕಂಡಿತು, ಇಷ್ಟು ಬರೆಯಿರಿ. ಅಡ್ರೆಸ್‌ನಲ್ಲಿ ಟೋಕನ್ (ಒಳಗೆ ಬಿಡುವ ಗುಟ್ಟಿನ ಗುರುತು) ಇದ್ದರೆ ಕಳಿಸುವ ಮುಂಚೆ ಅದನ್ನು ಅಳಿಸಿ.